ಕೇಳಿ ತಿಳಿಯಿರಿ: ಒಂದೆರಡು ಸಾವಿರ ಬಿಟ್ಟಿನಲ್ಲಿ ಮಾತು

ದನಿಯನ್ನು ಕಡಿಮೆ ಬಿಟ್ಟಿಗೆ ಇಳಿಸುವ ಬಗ್ಗೆ ಬಂದಿದ್ದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯವನ್ನು ಸೇರಿಸಿ, ಉದ್ದದವನ್ನು ಮೊಟಕು ಮಾಡಿದ್ದೇವೆ. ದನಿಯನ್ನು ಬಿಟ್‌ಗಳಿಗೆ ಇಳಿಸುವ ಎನ್‌ಕೋಡರ್, ಮತ್ತೆ ದನಿಯಾಗಿಸುವ ಡಿಕೋಡರ್, ಈ ಜೋಡಿಗೇ ಕೋಡೆಕ್ ಎನ್ನುತ್ತಾರೆ. ಕೆಳಗೆ ಕೋಡೆಕ್‌ನ ಅಥವಾ ಲೈನಿನ ವೇಗವನ್ನು ಬಿಟ್, ಕಿಲೋಬಿಟ್ ಎಂದಷ್ಟೇ ಹೇಳಿದ್ದರೆ ಅದು ಸೆಕೆಂಡಿನ ಲೆಕ್ಕ.

ಪ್ರಶ್ನೆ: ದೂರವಾಣಿ ಮಾತಿಗೆ ಸೆಕೆಂಡಿಗೆ 64,000 ಬಿಟ್ ಬೇಕೆಂದು ಪಠ್ಯದಲ್ಲಿದೆ. ಅದೇ ಮಾತು 2,400 ಬಿಟ್ಟಿನಲ್ಲೂ ಹೋಗುತ್ತದೆ ಅಂತಲೂ ಇದೆ. ಉಳಿದ 61,600 ಬಿಟ್ ಎಲ್ಲಿ ಹೋದವು?
(ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: 64,000 ಎಂಬುದು ಅಲೆಯ ಆಕಾರದ ಲೆಕ್ಕ. ಸೆಕೆಂಡಿಗೆ 8,000 ಸ್ಯಾಂಪಲ್ (ಅಲೆಯ ಎತ್ತರದ ಅಳತೆ), ಒಂದೊಂದಕ್ಕೆ 8 ಬಿಟ್. ಇದು ಜಿ.711 ಎಂಬ ದೂರವಾಣಿ ಮಾನಕ. ನಮ್ಮಲ್ಲಿ ಮತ್ತು ಯುರೋಪಿನಲ್ಲಿ ಅದರ ಎ-ಲಾ ಬಗೆ, ಅಮೆರಿಕ ಮತ್ತು ಜಪಾನಿನಲ್ಲಿ ಮ್ಯೂ-ಲಾ ಬಗೆ. ಈ ದಾರಿಯಲ್ಲಿ ಮಾತು, ಹಾಡು, ನಾಯಿ ಬೊಗಳುವುದು ಎಲ್ಲ ಒಂದೇ. ಏನು ಬಂದರೂ ಹೆಚ್ಚುಕಡಿಮೆ ಹಾಗೇ ಆ ಕಡೆ ತಲುಪುತ್ತದೆ.

2,400 ಬಿಟ್ಟಿನಲ್ಲಿ ಅಲೆಯನ್ನು ಕಳಿಸುವುದೇ ಇಲ್ಲ. ಆ ಗಳಿಗೆಯಲ್ಲಿ ಗಂಟಲು ಮತ್ತು ಬಾಯಿ ಹೇಗಿದ್ದವು ಎಂಬುದನ್ನಷ್ಟೇ ಕಳಿಸುತ್ತೇವೆ. 1984ರಲ್ಲಿ ಅಮೆರಿಕದ ಸರ್ಕಾರಿ ಮಾನಕವಾದ ಎಲ್‌ಪಿಸಿ-10ನ್ನೇ ನೋಡಿ. ಮಾತನ್ನು 22.5 ಮಿಲಿಸೆಕೆಂಡಿನ ಫ್ರೇಮ್‌ಗಳಾಗಿ ಕತ್ತರಿಸುತ್ತಾರೆ; ಒಂದು ಫ್ರೇಮ್‌ನಲ್ಲಿ 180 ಸ್ಯಾಂಪಲ್. ಅದಕ್ಕೆ ಸಿಗುವುದು 54 ಬಿಟ್. ಬಾಯಿಯ ಆಕಾರವನ್ನು ಹೇಳುವ ಹತ್ತು ಪ್ರತಿಫಲನ ಗುಣಾಂಕಗಳಿಗೆ 41 ಬಿಟ್. ಅದರಲ್ಲೂ ಸಮಪಾಲಿಲ್ಲ: ಮೊದಲ ನಾಲ್ಕಕ್ಕೆ ತಲಾ 5, ಮುಂದಿನ ನಾಲ್ಕಕ್ಕೆ ತಲಾ 4, ಒಂಬತ್ತನೆಯದಕ್ಕೆ 3, ಹತ್ತನೆಯದಕ್ಕೆ 2. ಪಿಚ್ (ಗಂಟಲು ಮಿಡಿಯುವ ವೇಗ) ಎಷ್ಟು ಮತ್ತು ದನಿ ಘೋಷವೋ (ಗಂಟಲು ಮಿಡಿಯುವುದೋ) ಅಘೋಷವೋ (ಬರೀ ಉಸಿರೋ) ಎಂಬುದಕ್ಕೆ ಒಟ್ಟು 7. ಜೋರು ಎಷ್ಟು ಎಂಬುದಕ್ಕೆ 5. ಎರಡೂ ಕಡೆ ತಾಳ ತಪ್ಪದಿರಲು 1. ಫ್ರೇಮ್ ಅಘೋಷವಾದರೆ ಮೊದಲ ನಾಲ್ಕು ಗುಣಾಂಕಗಳು ಮಾತ್ರ ಹೋಗುತ್ತವೆ. ಉಳಿದ ಜಾಗವನ್ನು ತಪ್ಪು ತಿದ್ದುವ ಬಿಟ್‌ಗಳು ತುಂಬುತ್ತವೆ.

ಆ ಕಡೆಯ ಡಿಕೋಡರ್ ಘೋಷವಾದರೆ ಪಿಚ್‌ಗೆ ತಕ್ಕ ಅಂತರದಲ್ಲಿ ಮಿಡಿತಗಳನ್ನು, ಅಘೋಷವಾದರೆ ಬರೀ ಸದ್ದನ್ನು ತಾನೇ ಹುಟ್ಟಿಸಿ, ಬಂದ ಗುಣಾಂಕಗಳ ಫಿಲ್ಟರ್ ಮೂಲಕ ಹಾಯಿಸುತ್ತದೆ. ಹಾಗಾಗಿ ಮೂಲದ ಅಲೆ ಮತ್ತು ಹೊರಬಂದ ಅಲೆಯನ್ನು ಒಂದರ ಮೇಲೊಂದು ಇಟ್ಟರೆ ಕೂಡುವುದೇ ಇಲ್ಲ. ಕಿವಿಗೆ ಮಾತ್ರ ಅದೇ ಮಾತು. ಪ್ರಾಜೆಕ್ಟ್ ವರದಿಯಲ್ಲಿ ಇಂಥ ಕೋಡೆಕ್‌ಗೆ ಸಿಗ್ನಲ್-ನಾಯ್ಸ್ ಅನುಪಾತ ಹಾಕಬೇಡಿ. ಸೊನ್ನೆಯ ಆಸುಪಾಸು ಏನೋ ಒಂದು ಬರುತ್ತದೆ, ಅದಕ್ಕೆ ಅರ್ಥವಿಲ್ಲ.

ಎಲ್‌ಪಿಸಿ ಎಂಬ ಈ ರೇಖೀಯ ಮುನ್ಸೂಚನೆಯ (ಹಿಂದಿನ ಸ್ಯಾಂಪಲ್‌ಗಳಿಂದ ಮುಂದಿನದನ್ನು ಊಹಿಸುವ) ವಿಧಾನವನ್ನು 1960ರ ದಶಕದ ಕೊನೆಯಲ್ಲಿ ಎರಡು ಕಡೆ ಬೇರೆಬೇರೆಯಾಗಿ ಕಟ್ಟಿದರು. ಜಪಾನಿನ ದೂರವಾಣಿ ಸಂಸ್ಥೆ ಎನ್‌ಟಿಟಿಯಲ್ಲಿ ಇಟಾಕುರಾ ಮತ್ತು ಸೈಟೊ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬಿಷ್ಣು ಅಟಲ್ ಮತ್ತು ಸಂಗಡಿಗರು. ಅಟಲ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1955ರಲ್ಲಿ ಡಿಪ್ಲೊಮಾ ಪಡೆದು, 1957ರಿಂದ 1960ರವರೆಗೆ ಅಲ್ಲೇ ಧ್ವನಿವಿಜ್ಞಾನ ಪಾಠ ಮಾಡಿದವರು. ಹುಬ್ಬಳ್ಳಿಯ ಪಠ್ಯಪುಸ್ತಕದಲ್ಲಿ ಇದೊಂದು ಸಾಲು ಸೇರಿಸಿದರೆ ತಪ್ಪೇನಿಲ್ಲ.

ಪ್ರಶ್ನೆ: ವಾಯ್ಸ್ ಫೈಲನ್ನು ಜಿಪ್ ಮಾಡಿದರೆ ಗಾತ್ರ ಅಷ್ಟೇನೂ ಇಳಿಯುವುದಿಲ್ಲ. ಏಕೆ?
(ರಾಯಚೂರು)

ಉತ್ತರ: ಜಿಪ್ ಒಂದು ಬಿಟ್ಟನ್ನೂ ಬಿಡುವಂತಿಲ್ಲ, ಮತ್ತೆಮತ್ತೆ ಬರುವ ಅದೇ ಬೈಟುಗಳನ್ನು ಹುಡುಕುತ್ತದೆ. ಮೈಕ್‌ನಿಂದ ಬಂದ ದನಿಯಲ್ಲಿ ಕೊನೆಯ ಕೆಲವು ಬಿಟ್‌ಗಳು ಬರೀ ಗೊಜಲು, ಎರಡು ಸಲ ಒಂದೇ ಥರ ಬರುವುದಿಲ್ಲ. ನಷ್ಟವಿಲ್ಲದೆ ಇಳಿಸಬೇಕಾದರೆ ದನಿಗೆಂದೇ ಇರುವ ಫ್ಲ್ಯಾಕ್ ಬಳಸಿ, ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಹೋಗಬೇಕೆಂದರೆ ಏನನ್ನಾದರೂ ಬಿಡಲೇಬೇಕು.

ಪ್ರಶ್ನೆ: 2,400 ಬಿಟ್ಟಿನ ಮಾದರಿ ದನಿ ಕೇಳಿದೆ, ಡಬ್ಬದೊಳಗಿಂದ ಯಂತ್ರ ಮಾತಾಡಿದ ಹಾಗಿತ್ತು. ಮೊಬೈಲ್‌ನಲ್ಲೂ ದನಿಯನ್ನು ಇಳಿಸಿಯೇ ಕಳಿಸುತ್ತಾರಲ್ಲ, ಅದು ಹಾಗೆ ಕೇಳುವುದಿಲ್ಲವಲ್ಲ?
(ಮೈಸೂರು)

ಉತ್ತರ: ನೀವು ಕೇಳಿದ್ದು ಎಲ್‌ಪಿಸಿ-10 ಇರಬೇಕು. ಅಲ್ಲಿ ಒಂದು ಫ್ರೇಮ್ ಪೂರಾ ಘೋಷ, ಇಲ್ಲವೇ ಪೂರಾ ಅಘೋಷ. ನಿಜವಾದ ಬಾಯಿ ಹಾಗಿಲ್ಲ. ‘ಜ’, ‘ಧ’, ‘ಹ’ ಹೇಳುವಾಗ ಕೆಳಗಿನ ಆವರ್ತನಗಳಲ್ಲಿ ಮಿಡಿತ, ಮೇಲಿನವುಗಳಲ್ಲಿ ಉಸಿರಿನ ಸದ್ದು, ಎರಡೂ ಒಟ್ಟಿಗಿರುತ್ತವೆ. ಎಲ್ಲ ಆವರ್ತನಕ್ಕೂ ಒಂದೇ ಬಗೆಯ ಮಿಡಿತ ಹಚ್ಚಿದಾಗ ಆ ಝೇಂಕಾರ ಹುಟ್ಟುತ್ತದೆ. 1997ರ ಮೆಲ್ಪ್ ಎಂಬ ಕೋಡೆಕ್ ಇದನ್ನು ಅದೇ 2,400 ಬಿಟ್ಟಿನಲ್ಲಿ, ಅದೇ 54 ಬಿಟ್ಟಿನ ಫ್ರೇಮ್‌ನಲ್ಲಿ ಬಹುಮಟ್ಟಿಗೆ ಸರಿಪಡಿಸಿತು: ಆವರ್ತನವನ್ನು ಐದು ಪಟ್ಟಿಗಳಾಗಿ ಮಾಡಿ, ಪ್ರತಿ ಪಟ್ಟಿಗೂ ಘೋಷ-ಅಘೋಷವನ್ನು ಬೇರೆಯಾಗಿ ತೀರ್ಮಾನಿಸುತ್ತದೆ. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ, ಬಿಟ್ ಹೆಚ್ಚಿಸದೆ ಬುದ್ಧಿ ಹೆಚ್ಚಿಸಿದರೆ ಏನಾಗುತ್ತದೆಂದು ಗೊತ್ತಾಗುತ್ತದೆ.

ಮೊಬೈಲ್‌ನದು ಬೇರೆ ದಾರಿ. ಬಾಯಿಯ ಆಕಾರದ ಜೊತೆಗೆ, ಆ ಫಿಲ್ಟರ್ ಊಹಿಸಲಾಗದೆ ಉಳಿದ ಶೇಷ ಅಲೆಯ ಅಂದಾಜನ್ನೂ ಕಳಿಸುತ್ತಾರೆ. ಮೊದಲ ಜಿಎಸ್‌ಎಂ ಕೋಡೆಕ್ 20 ಮಿಲಿಸೆಕೆಂಡಿಗೆ 260 ಬಿಟ್, ಅಂದರೆ 13 ಕಿಲೋಬಿಟ್ ತೆಗೆದುಕೊಳ್ಳುತ್ತಿತ್ತು. ಶ್ರೋಡರ್ ಮತ್ತು ಅಟಲ್ 1985ರಲ್ಲಿ ಮಂಡಿಸಿದ ಸೆಲ್ಪ್ ವಿಧಾನದಲ್ಲಿ ಶೇಷಕ್ಕೆ ಒಂದು ಕೋಶ ಇರುತ್ತದೆ: 40 ಸ್ಯಾಂಪಲ್ ಉದ್ದದ 1,024 ತುಣುಕುಗಳು. ಎನ್‌ಕೋಡರ್ ಒಂದೊಂದನ್ನೂ ಫಿಲ್ಟರ್‌ಗೆ ಹಾಕಿ ನೋಡಿ, ಕಿವಿಗೆ ಅತಿ ಹತ್ತಿರ ಬಂದದ್ದರ ಸಂಖ್ಯೆಯನ್ನಷ್ಟೇ ಕಳಿಸುತ್ತದೆ. ಆ ಸಂಖ್ಯೆಗೆ 10 ಬಿಟ್ ಸಾಕು. ಒಂದು ಸೆಕೆಂಡಿನ ಮಾತಿಗೆ ಆಗಿನ ಕ್ರೇ-1 ಸೂಪರ್‌ಕಂಪ್ಯೂಟರ್ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಒದ್ದಾಡುತ್ತಿತ್ತು. ಆಮೇಲೆ ತುಣುಕುಗಳಲ್ಲಿ ಬಹುತೇಕ ಸೊನ್ನೆ, ಅಲ್ಲೊಂದು ಇಲ್ಲೊಂದು +1 ಅಥವಾ -1 ಮಾತ್ರ ಇಟ್ಟರೂ ನಡೆಯುತ್ತದೆಂದು ತಿಳಿಯಿತು, ಲೆಕ್ಕ ಹಗುರಾಯಿತು. ಇಂಟರ್ನೆಟ್ ಫೋನಿನ ಕೋಡೆಕ್ ಜಿ.729ರಲ್ಲಿ 40 ಸ್ಯಾಂಪಲ್‌ಗೆ ಅಂಥ ನಾಲ್ಕೇ ನಾಲ್ಕು ಮಿಡಿತ. ಮೊಬೈಲ್‌ನ ಎಎಂಆರ್ ಕೂಡ ಈ ಕುಟುಂಬದ್ದೇ, 4.75ರಿಂದ 12.2 ಕಿಲೋಬಿಟ್‌ವರೆಗೆ ಎಂಟು ಮೆಟ್ಟಿಲು, ಸಿಗ್ನಲ್ ಕೆಟ್ಟಾಗ ಕೆಳಗಿನ ಮೆಟ್ಟಿಲಿಗೆ ಇಳಿದು, ಉಳಿದ ಬಿಟ್ಟನ್ನು ತಪ್ಪು ತಿದ್ದಲು ಕೊಡುತ್ತದೆ.

ಒರಟು ಲೆಕ್ಕ ಹೀಗಿಟ್ಟುಕೊಳ್ಳಿ: ಸುಮಾರು 4 ಕಿಲೋಬಿಟ್‌ಗಿಂತ ಕೆಳಗೆ ಸೆಲ್ಪ್ ಕುಟುಂಬ ಸೋಲುತ್ತದೆ, ಏಕೆಂದರೆ ಶೇಷವನ್ನು ಹೇಳಲು ಬಿಟ್ ಉಳಿಯುವುದಿಲ್ಲ. ಅಲ್ಲಿಂದ ಕೆಳಗೆ ಮೆಲ್ಪ್, ಕೋಡೆಕ್ 2ರಂಥವುಗಳ ರಾಜ್ಯ.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಇಎಸ್‌ಪಿ32 (ಪುಟ್ಟ ಕಂಪ್ಯೂಟರ್ ಬೋರ್ಡು) ಮತ್ತು ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ಹೋಗುವ ರೇಡಿಯೋ) ಮಾಡ್ಯೂಲ್ ಇಟ್ಟುಕೊಂಡು, ಕೋಡೆಕ್ 2 ಬಳಸಿ ವಾಕಿಟಾಕಿ ಮಾಡಲು ಹೊರಟಿದ್ದೇನೆ. ಮೇಜಿನ ಮೇಲೆ ಕೂಡ ದನಿ ಕತ್ತರಿಸಿ ಕತ್ತರಿಸಿ ಬರುತ್ತಿದೆ. ಒಂದು ಫ್ರೇಮ್ ಆದ ಕೂಡಲೇ ಒಂದು ಪ್ಯಾಕೆಟ್ ಕಳಿಸುತ್ತಿದ್ದೇನೆ. ‘ಸ’ ಬಂದಾಗಲೆಲ್ಲ ಬೇರೇನೋ ಕಿರುಗುಟ್ಟುತ್ತದೆ. ತಪ್ಪೆಲ್ಲಿ?
(ಮೂಡಿಗೆರೆ)

ಉತ್ತರ: ನಿಮ್ಮದು ಎರಡು ಬೇರೆ ಬೇರೆ ತೊಂದರೆ. ಕತ್ತರಿಸುವುದನ್ನು ಮೊದಲು ನೋಡೋಣ.

ಕೋಡೆಕ್ 2 ಆಸ್ಟ್ರೇಲಿಯಾದ ಡೇವಿಡ್ ರೋ ಬರೆದ ಮುಕ್ತ ತಂತ್ರಾಂಶ, 3,200ರಿಂದ 450 ಬಿಟ್‌ವರೆಗೆ ಹಲವು ಮೋಡ್ ಇವೆ. ನಿಮ್ಮ ಕೆಲಸಕ್ಕೆ 1200 ಮೋಡ್ ಸರಿ. ಅದರಲ್ಲಿ 40 ಮಿಲಿಸೆಕೆಂಡಿಗೆ 48 ಬಿಟ್, ಅಂದರೆ ಸರಿಯಾಗಿ 6 ಬೈಟ್. 1300 ಮೋಡ್ ತೆಗೆದುಕೊಂಡರೆ 52 ಬಿಟ್. ಬೈಟುಗಳಲ್ಲಿ ತುಂಬುವಾಗ 7 ಬೈಟ್ ಆಗಿ, ನಾಲ್ಕು ಬಿಟ್ ದಂಡ. ಗಾಳಿಯಲ್ಲಿ ಅದು 1,400 ಬಿಟ್ಟೇ.

ಈಗ ಲೋರಾದ ಲೆಕ್ಕ. ಬ್ಯಾಂಡ್‌ವಿಡ್ತ್ 125 ಕಿಲೋಹರ್ಟ್ಸ್, ತಪ್ಪು ತಿದ್ದುವ ಕೋಡಿಂಗ್ ದರ 4/5, ಪ್ಯಾಕೆಟ್ಟಿನ ಮುಂದೆ ಹೋಗುವ ಎಂಟು ಚಿಹ್ನೆಯ ಪ್ರಿಯಾಂಬಲ್, ತಪ್ಪು ಪತ್ತೆಗೆ ಸಿಆರ್‌ಸಿ ಹಾಕಿದ್ದೀರಿ ಎಂದುಕೊಳ್ಳೋಣ. ಸ್ಪ್ರೆಡಿಂಗ್ ಫ್ಯಾಕ್ಟರ್ (ಎಸ್‌ಎಫ್; ಏರಿಸಿದಷ್ಟೂ ದೂರ ಹೆಚ್ಚು, ವೇಗ ಕಡಿಮೆ) 7ರಲ್ಲಿ ಪುಸ್ತಕದ ವೇಗ 5,469 ಬಿಟ್. ‘1,200ಕ್ಕೆ ಧಾರಾಳ ಆಯ್ತಲ್ಲ’ ಎನಿಸುತ್ತದೆ. ಆದರೆ 6 ಬೈಟ್ ಮಾತಿಗೆ ನಿಮ್ಮದೇ 4 ಬೈಟ್ ತಲೆಬರಹ ಸೇರಿಸಿ ಒಂದು ಪ್ಯಾಕೆಟ್ ಕಳಿಸಿದರೆ, ಪ್ರಿಯಾಂಬಲ್ಲಿಗೇ 12.5 ಮಿಲಿಸೆಕೆಂಡ್, ಒಟ್ಟು 41 ಮಿಲಿಸೆಕೆಂಡ್ ಗಾಳಿಯಲ್ಲಿ ಹೋಗುತ್ತದೆ. ಮಾತು 40, ಕಳಿಸಲು 41. ಸಾಲು ಬೆಳೆಯುತ್ತಾ ಹೋಗಿ ಬಫರ್ ತುಂಬುತ್ತದೆ, ಕತ್ತರಿಸುತ್ತದೆ. ನಿಮಗೆ ಆಗುತ್ತಿರುವುದು ಇದೇ.

ಹತ್ತು ಫ್ರೇಮ್ ಕೂಡಿಸಿ ಕಳಿಸಿ: 60 ಬೈಟ್ ಮಾತು, 4 ಬೈಟ್ ತಲೆಬರಹ, ಒಟ್ಟು 64. ಇದು 400 ಮಿಲಿಸೆಕೆಂಡಿನ ಮಾತು. ಎಸ್‌ಎಫ್ 7ರಲ್ಲಿ 118 ಮಿಲಿಸೆಕೆಂಡ್ ಸಾಕು. ಎಸ್‌ಎಫ್ 8ರಲ್ಲಿ 216. ಎಸ್‌ಎಫ್ 9ರಲ್ಲಿ 390. ಕಾಗದದ ಮೇಲೆ ಹಿಡಿಯುತ್ತದೆ, ರೇಡಿಯೋ ಚಾಲೂ ಆಗುವ ಹೊತ್ತು ಸೇರಿದರೆ ಹಿಡಿಯುವುದಿಲ್ಲ. ಎಸ್‌ಎಫ್ 10ರಲ್ಲಿ 698, ಮಾತೇ ಬೇಡ. ದೂರ ಹೆಚ್ಚಲಿ ಎಂದು ಎಸ್‌ಎಫ್ ಏರಿಸುವ ಚಾಳಿ ಸೆನ್ಸರ್‌ಗೆ ಸರಿ, ದನಿಗಲ್ಲ. ದೂರ ಬೇಕಾದರೆ ಆಂಟೆನಾ ಎತ್ತರಿಸಿ. 866 ಮೆಗಾಹರ್ಟ್ಸ್‌ಗೆ ಕಾಲು ಅಲೆಯ ತಂತಿ ಸುಮಾರು 8.6 ಸೆಂಟಿಮೀಟರ್, ಮಳೆಗಾಲದಲ್ಲಿ ನೆನೆದ ಸಿಲ್ವರ್ ಓಕ್ ಎಲೆಗಳ ನಡುವೆ ಅದನ್ನು ಸೊಂಟದ ಎತ್ತರದಲ್ಲಿಟ್ಟರೆ ಯಾವ ಎಸ್‌ಎಫ್ ಕೂಡ ಕಾಪಾಡದು. ಬ್ಯಾಂಡ್‌ವಿಡ್ತ್ 250ಕ್ಕೆ ಏರಿಸಿ ವೇಗ ಪಡೆಯುವ ಯೋಚನೆಯೂ ಬೇಡ: 865-868 ಮೆಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಒಂದು ಕ್ಯಾರಿಯರ್‌ಗೆ ಕೊಟ್ಟಿರುವ ಅಗಲ 200 ಕಿಲೋಹರ್ಟ್ಸ್. ಆಂಟೆನಾ ಸಿಕ್ಕಿಸದೆ ಮಾಡ್ಯೂಲನ್ನು ಕಳಿಸುವ ಸ್ಥಿತಿಗೆ ತರಬೇಡಿ, ಔಟ್‌ಪುಟ್ ಸುಟ್ಟೀತು.

ಒಂದು ಪ್ಯಾಕೆಟ್ ತಪ್ಪಿದರೆ 400 ಮಿಲಿಸೆಕೆಂಡ್, ಅಂದರೆ ಒಂದಿಡೀ ಪದ ಹೋಯಿತು. ಎಸ್‌ಎಫ್ 7ರಲ್ಲಿ ಸಮಯ ಉಳಿದಿದೆಯಲ್ಲ, ಅದನ್ನು ಇದಕ್ಕೆ ಬಳಸಿ: ಪ್ರತಿ ಪ್ಯಾಕೆಟ್‌ನಲ್ಲಿ ಹೊಸ ಹತ್ತು ಫ್ರೇಮ್ ಜೊತೆಗೆ ಹಿಂದಿನ ಹತ್ತನ್ನೂ ಹಾಕಿ. 124 ಬೈಟ್, 205 ಮಿಲಿಸೆಕೆಂಡ್. ಒಂದು ತಪ್ಪಿದರೂ ಮುಂದಿನದರಲ್ಲಿ ಸಿಗುತ್ತದೆ. ಕೇಳುವ ಕಡೆ ಒಂದು ಪ್ಯಾಕೆಟ್ ತಡೆದು ನುಡಿಸಬೇಕು. ಗುಂಡಿ ಒತ್ತಿ ಮಾತಾಡುವ ಪದ್ಧತಿಯಲ್ಲಿ ಒಂದು ಸೆಕೆಂಡ್ ತಡವಾದರೆ ಯಾರಿಗೂ ತೊಂದರೆಯಿಲ್ಲ. ತಲೆಬರಹದ ನಾಲ್ಕು ಬೈಟಿನಲ್ಲಿ ಯಾರಿಂದ, ಯಾರಿಗೆ, ಕ್ರಮಸಂಖ್ಯೆ, ಕೊನೆಯ ಪ್ಯಾಕೆಟ್ ಹೌದೋ ಅಲ್ಲವೋ ಇರಲಿ. ಎರಡೂ ತಪ್ಪಿದಾಗ ಡಿಕೋಡರ್‌ಗೆ ಸೊನ್ನೆ ಬೈಟುಗಳನ್ನು ಉಣಿಸಬೇಡಿ. ಕೋಡೆಕ್‌ಗೆ ಸೊನ್ನೆ ಎಂದರೆ ಮೌನ ಅಲ್ಲ. ಅದೂ ಒಂದು ಪಿಚ್, ಒಂದು ಬಾಯಿಯ ಆಕಾರ. ಚಿಲಿಪಿಲಿ ಸದ್ದು ಬರುತ್ತದೆ. ಕೊನೆಯ ಒಳ್ಳೆಯ ಫ್ರೇಮ್ ಒಂದೆರಡು ಸಲ ಮರುನುಡಿಸಿ, ದನಿ ಇಳಿಸಿ, ಸುಮ್ಮನಾಗಿ.

‘ಸ’ ಕಿರುಗುಟ್ಟುವುದು ಮೈಕ್ ಕಡೆಯ ತಪ್ಪು. ಐಎನ್‌ಎಂಪಿ441 ಎಂಬ ಡಿಜಿಟಲ್ ಮೈಕ್ ಬಳಸಿ 16,000 ಸ್ಯಾಂಪಲ್ ತೆಗೆದು, ಒಂದು ಬಿಟ್ಟು ಒಂದನ್ನು ಎಸೆದು 8,000 ಮಾಡಿಕೊಂಡಿರಬೇಕು. ‘ಸ’ದ ಬಲವೆಲ್ಲ 4 ಕಿಲೋಹರ್ಟ್ಸ್‌ಗಿಂತ ಮೇಲೆ. ಫಿಲ್ಟರ್ ಇಲ್ಲದೆ ಸ್ಯಾಂಪಲ್ ಎಸೆದರೆ ಅದು ಮಡಚಿಕೊಂಡು 4ರ ಕೆಳಗೆ ಬೀಳುತ್ತದೆ, 6 ಕಿಲೋಹರ್ಟ್ಸ್‌ನದು 2ರಲ್ಲಿ ಕೂರುತ್ತದೆ. ಕೋಡೆಕ್ ಅದನ್ನು ನಿಷ್ಠೆಯಿಂದ ಸ್ವರ ಎಂದೇ ತಿಳಿದು ಬರೆಯುತ್ತದೆ. ಎಸೆಯುವ ಮೊದಲು 3.4 ಕಿಲೋಹರ್ಟ್ಸ್ ಆಸುಪಾಸು ಕತ್ತರಿಸುವ ಲೋ-ಪಾಸ್ ಫಿಲ್ಟರ್ ಹಾಕಿ, 30-40 ಟ್ಯಾಪ್‌ನ ಎಫ್‌ಐಆರ್ ಸಾಕು. ನೇರ 8,000ದಲ್ಲೇ ತೆಗೆಯುವುದಾದರೆ ಗಡಿಯಾರ 64 × 8,000 = 5,12,000 ಹರ್ಟ್ಸ್; ಈ ಮೈಕ್ ಕೇಳುವ ಕನಿಷ್ಠ 5 ಲಕ್ಷಕ್ಕೆ ತೀರಾ ಅಂಚು. ಮೈಕ್‌ನ ಮಾಹಿತಿ 32 ಬಿಟ್ ಜಾಗದಲ್ಲಿ ಎಡಕ್ಕೆ ಒತ್ತಿಕೊಂಡ 24 ಬಿಟ್, ಅದನ್ನು 16ಕ್ಕೆ ಇಳಿಸುವಾಗ ಎಷ್ಟು ಸರಿಸಬೇಕೆಂಬುದನ್ನು ಅಲೆ ನೋಡಿ ತೀರ್ಮಾನಿಸಿ: ಜೋರಾಗಿ ಮಾತಾಡಿದಾಗ ಶಿಖರ ಪೂರ್ಣ ಎತ್ತರದ ಅರ್ಧಕ್ಕೆ ಬಂದರೆ ಸರಿ. ಅಂಚಿಗೆ ಬಡಿದರೆ ಕಡಿಮೆ ಬಿಟ್ಟಿನ ಕೋಡೆಕ್ ಅದನ್ನು ಕ್ಷಮಿಸುವುದಿಲ್ಲ.

ಇನ್ನೆರಡು ಮಾತು. ಕೋಡೆಕ್ 2 ದಶಮಾಂಶದ (ಫ್ಲೋಟಿಂಗ್ ಪಾಯಿಂಟ್) ಲೆಕ್ಕವನ್ನೇ ನೆಚ್ಚಿದೆ. ಹಳೆಯ ಇಎಸ್‌ಪಿ32 ಮತ್ತು ಎಸ್3ರಲ್ಲಿ ಅದಕ್ಕೆ ಯಂತ್ರಾಂಶವಿದೆ, ಸಿ3ಯಲ್ಲಿ ಇಲ್ಲ. ಮತ್ತು ಆರ್ಡುಯಿನೊದಲ್ಲಿ ಮುಖ್ಯ ಟಾಸ್ಕ್‌ಗೆ ಸಿಗುವ 8 ಕಿಲೋಬೈಟ್ ಸ್ಟ್ಯಾಕ್ ಸಾಲದು, ಬೋರ್ಡು ಮತ್ತೆಮತ್ತೆ ರೀಸೆಟ್ ಆಗುತ್ತದೆ. ಎನ್‌ಕೋಡ್ ಕೆಲಸಕ್ಕೆ ಬೇರೆ ಟಾಸ್ಕ್ ಮಾಡಿ 32 ಕಿಲೋಬೈಟ್ ಕೊಡಿ.

ಪ್ರಶ್ನೆ: ಹಿಂದೆ ಫ್ಯಾನ್ ತಿರುಗುತ್ತಿದ್ದರೆ, ಪಕ್ಕದಲ್ಲಿ ರೇಡಿಯೋ ಹಾಡುತ್ತಿದ್ದರೆ ಕಡಿಮೆ ಬಿಟ್ಟಿನ ದನಿ ಪೂರಾ ಕೆಡುತ್ತದೆ. ಸಾಮಾನ್ಯ ಫೋನಿನಲ್ಲಿ ಹೀಗಾಗುವುದಿಲ್ಲ.
(ಹವ್ಯಾಸಿ ರೇಡಿಯೋ ಬಳಸುವವರು, ದಾವಣಗೆರೆ)

ಉತ್ತರ: ಕೋಡೆಕ್‌ನ ಒಳಗಿರುವುದು ಒಂದೇ ಗಂಟಲು, ಒಂದೇ ಬಾಯಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡು ಪಿಚ್ ಇರುತ್ತವೆ, ಹೇಳಲು ಜಾಗ ಒಂದಕ್ಕೆ. ಫ್ರೇಮ್ ಒಂದಕ್ಕೆ ಒಂದರಂತೆ ಎರಡರ ನಡುವೆ ನೆಗೆದಾಡುತ್ತದೆ. ಫ್ಯಾನಿನ ಸದ್ದು ಸೇರಿದಾಗ ಘೋಷವನ್ನು ಅಘೋಷ ಎಂದುಕೊಂಡು ಸ್ವರಗಳು ಪಿಸುಮಾತಾಗುತ್ತವೆ. ಪಿಚ್ ಹುಡುಕುವಾಗ ಅರ್ಧ ಅಥವಾ ಎರಡು ಪಟ್ಟನ್ನು ಹಿಡಿದರೆ ಹೆಂಗಸಿನ ದನಿ ಮಧ್ಯೆ ಗಂಡಸಿನದಾಗುತ್ತದೆ.

ಮೈಕನ್ನು ತುಟಿಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ, ಉಸಿರು ನೇರ ತಾಗದ ಹಾಗೆ ಬದಿಗೆ ಹಿಡಿಯಿರಿ. ಇದಕ್ಕಿಂತ ದೊಡ್ಡ ಔಷಧ ಇಲ್ಲ. ಸದ್ದು ತೆಗೆಯುವ ತಂತ್ರಾಂಶ ಬಳಸುವುದಾದರೆ ಎನ್‌ಕೋಡರ್‌ಗೆ ಮೊದಲು. ಡಿಕೋಡ್ ಆದ ಮೇಲೆ ತೆಗೆಯಲು ಫ್ಯಾನ್ ಇರುವುದಿಲ್ಲ, ಕೆಟ್ಟ ಮಾತು ಮಾತ್ರ ಇರುತ್ತದೆ. ತಾನೇ ದನಿ ಏರಿಸುವ ಎಜಿಸಿಯನ್ನು ಆಫ್ ಮಾಡಿ, ಪದಗಳ ನಡುವಿನ ಮೌನದಲ್ಲಿ ಅದು ಫ್ಯಾನನ್ನೇ ಎತ್ತಿ ಹಿಡಿಯುತ್ತದೆ.

ಹವ್ಯಾಸಿ ರೇಡಿಯೋದಲ್ಲಿ ಕೋಡೆಕ್ 2 ದನಿ ಕಳಿಸುವ ಫ್ರೀಡಿವಿ 1600ರಲ್ಲಿ ಒಂದು ಚೊಕ್ಕ ಲೆಕ್ಕವಿದೆ. 40 ಮಿಲಿಸೆಕೆಂಡಿಗೆ 64 ಬಿಟ್: ಮಾತಿಗೆ 52, ಅಕ್ಷರ ಸಂದೇಶಕ್ಕೆ 1, ತಪ್ಪು ತಿದ್ದಲು 11. ಆ 11 ಕಾಯುವುದು 52ರಲ್ಲಿ ತೀರಾ ಸೂಕ್ಷ್ಮವಾದ 12 ಬಿಟ್‌ಗಳನ್ನು ಮಾತ್ರ. ಪಿಚ್‌ನ ಮೇಲ್ಬಿಟ್ ತಪ್ಪಿದರೆ ದನಿ ಕಿರುಚುತ್ತದೆ, ಬಾಯಿ ಆಕಾರದ ಕೊನೆಯ ಬಿಟ್ ತಪ್ಪಿದರೆ ಯಾರಿಗೂ ಗೊತ್ತಾಗದು. ಎಲ್ಲ ಬಿಟ್‌ಗೂ ಒಂದೇ ರಕ್ಷಣೆ ಕೊಡುವುದು ಈ ಕೆಲಸದಲ್ಲಿ ದುಂದು.

ಪ್ರಶ್ನೆ: ನಮ್ಮ ಸಹಕಾರ ಸಂಘದ ಎರಡು ಶಾಖೆಗಳ ನಡುವೆ ಇಂಟರ್ನೆಟ್ ಫೋನ್ ಇದೆ. ಜಿ.729 ಹಾಕಿದರೆ ಕರೆಗೆ 8 ಕಿಲೋಬಿಟ್ ಸಾಕು ಎಂದರು. 128 ಕಿಲೋಬಿಟ್ ಲೈನಿನಲ್ಲಿ ಮೂರನೇ ಕರೆಗೇ ದನಿ ಒಡೆಯುತ್ತದೆ. ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ‘1 ಒತ್ತಿ’ ಎಂದಾಗ ಒತ್ತಿದರೂ ಅದಕ್ಕೆ ಕೇಳುವುದಿಲ್ಲ.
(ಶಿರಸಿ)

ಉತ್ತರ: 8 ಕಿಲೋಬಿಟ್ ಎಂಬುದು ಮಾತಿನ ತೂಕ, ಲಕೋಟೆಯದಲ್ಲ. ಜಿ.729ರಲ್ಲಿ 10 ಮಿಲಿಸೆಕೆಂಡಿಗೆ 10 ಬೈಟ್. ಸಾಮಾನ್ಯವಾಗಿ ಎರಡು ಫ್ರೇಮ್ ಸೇರಿಸಿ 20 ಬೈಟ್ ಕಳಿಸುತ್ತಾರೆ. ಅದರ ಮೇಲೆ ಐಪಿ 20, ಯುಡಿಪಿ 8, ಆರ್‌ಟಿಪಿ 12, ಒಟ್ಟು 40 ಬೈಟ್ ತಲೆಬರಹ. 60 ಬೈಟ್, ಸೆಕೆಂಡಿಗೆ 50 ಸಲ: 24 ಕಿಲೋಬಿಟ್. ಶಾಖೆಗಳ ನಡುವೆ ವೈರ್‌ಗಾರ್ಡ್ ವಿಪಿಎನ್ (ಪ್ಯಾಕೆಟ್‌ಗಳನ್ನು ಗುಪ್ತವಾಗಿ ಸಾಗಿಸುವ ಸುರಂಗ) ಇದ್ದರೆ 60 ಬೈಟ್ 64ಕ್ಕೆ ಏರಿ, ಇನ್ನೂ 60 ಸೇರಿ 124 ಆಗುತ್ತದೆ. ಕರೆಗೆ 49.6 ಕಿಲೋಬಿಟ್. ಎರಡು ಕರೆಗೆ 99. ಮೂರನೆಯದು ಒಡೆಯಲೇಬೇಕು.

ಇಲ್ಲಿ ಕೋಡೆಕ್ ಬದಲಿಸಿ ಲಾಭವಿಲ್ಲ, ಪ್ಯಾಕೆಟ್ ಉದ್ದ ಮಾಡಿ. ಫೋನ್‌ಗಳಲ್ಲಿ ಮತ್ತು ಪಿಬಿಎಕ್ಸ್‌ನಲ್ಲಿ (ಕಚೇರಿಯ ಫೋನ್ ವಿನಿಮಯ ಯಂತ್ರ) ಪ್ಯಾಕೆಟ್ ಸಮಯವನ್ನು 40 ಮಿಲಿಸೆಕೆಂಡ್ ಮಾಡಿದರೆ ವಿಪಿಎನ್ ಇಲ್ಲದೆ 16 ಕಿಲೋಬಿಟ್, ಇದ್ದರೆ 28. ನಾಲ್ಕು ಕರೆ ಆರಾಮಾಗಿ ಹಿಡಿಯುತ್ತವೆ. 60ಕ್ಕೂ ಏರಿಸಬಹುದು, ಆದರೆ ಒಂದು ಪ್ಯಾಕೆಟ್ ಬಿದ್ದರೆ ಒಂದು ಅಕ್ಷರ ಬೀಳುತ್ತದೆ. ಲೈನ್ ಸ್ವಚ್ಛವಿಲ್ಲದಿದ್ದರೆ ಬೇಡ.

ಗುಂಡಿಯ ಸದ್ದು ಎರಡು ಶುದ್ಧ ಸ್ವರಗಳ ಜೋಡಿ, 1ಕ್ಕೆ 697 ಮತ್ತು 1,209 ಹರ್ಟ್ಸ್. ಬಾಯಿಯ ಮಾದರಿಯಲ್ಲಿ ಅದು ಸೊಟ್ಟಗಾಗಿ ಬರುತ್ತದೆ, ಆ ಕಡೆಯ ಯಂತ್ರ ಒಪ್ಪುವುದಿಲ್ಲ. ಸೆಟ್ಟಿಂಗ್‌ನಲ್ಲಿ ಡಿಟಿಎಂಎಫ್ ಎಂಬಲ್ಲಿ ‘ಇನ್‌ಬ್ಯಾಂಡ್’ ಇದ್ದರೆ ತೆಗೆದು ಆರ್‌ಎಫ್‌ಸಿ 4733 (ಹಳೆಯ ಫೋನಿನಲ್ಲಿ 2833 ಎಂದಿರುತ್ತದೆ) ಮಾಡಿ, ಎರಡೂ ಕಡೆ. ಆಗ ಗುಂಡಿ ಒತ್ತಿದ್ದು ಸದ್ದಾಗಿ ಅಲ್ಲ, ಸಂದೇಶವಾಗಿ ಹೋಗುತ್ತದೆ. ಫ್ಯಾಕ್ಸ್ ಇದ್ದರೆ ಅದರದೇ ಮಾನಕ ಟಿ.38 ಬಳಸಿ. ಮಾತಿನ ಮೊದಲ ಅಕ್ಷರ ಕತ್ತರಿಸುತ್ತಿದ್ದರೆ ಅನೆಕ್ಸ್-ಬಿ ನೋಡಿ, ಅದು ಮೌನ ಕಳಿಸದಿರುವ ಸೌಲಭ್ಯ. ಏನೂ ಹೇಳದಿದ್ದರೆ ‘ಹೌದು’ ಎಂದೇ ಅರ್ಥ, ಹಾಗಾಗಿ ಎರಡೂ ಕಡೆ ‘ಬೇಡ’ ಎಂದು ಬರೆದೇ ಹೇಳಿ.

ಪ್ರಶ್ನೆ: ಕೋಡೆಕ್ ಚೆನ್ನಾಗಿದೆ ಎಂದು ಇಂಗ್ಲಿಷ್ ವಾಕ್ಯ ನುಡಿಸಿ ತೋರಿಸುತ್ತಾರೆ. ಕನ್ನಡಕ್ಕೆ ಹೇಗೆ ಪರೀಕ್ಷೆ ಮಾಡುವುದು?
(ಸಮುದಾಯ ರೇಡಿಯೋ ತಂಡ, ಕೋಲಾರ)

ಉತ್ತರ: ವಾಕ್ಯ ನುಡಿಸಿ ‘ಅರ್ಥ ಆಯ್ತಾ’ ಎಂದು ಕೇಳಬೇಡಿ, ಅರ್ಥವನ್ನು ಮಿದುಳು ತುಂಬಿಕೊಳ್ಳುತ್ತದೆ. ಒಂದೇ ವ್ಯಂಜನ ಬೇರೆಯಿರುವ ಜೋಡಿ ಪದ ತೆಗೆದುಕೊಳ್ಳಿ. ನಾವು ಹಾಕುವ ಪಟ್ಟಿ ಇದು: ಬೆಲೆ-ಬೆಳೆ, ಹಲ್ಲಿ-ಹಳ್ಳಿ, ಕಾಲು-ಕಾಳು, ಮನೆ-ಮಣೆ, ದನ-ಧನ, ಕಾಳಿ-ಗಾಳಿ, ಪಟ್ಟೆ-ಬಟ್ಟೆ, ಅಕ್ಕಿ-ಹಕ್ಕಿ, ಸಾಲು-ಶಾಲು, ಬಳಿ-ಬಳ್ಳಿ, ಕಟು-ಕಟ್ಟು.

ಒಂದೊಂದು ಜೋಡಿ ಒಂದೊಂದು ಕಡೆ ಕೋಡೆಕ್ಕನ್ನು ಚುಚ್ಚುತ್ತದೆ. ‘ಳ’, ‘ಣ’ ಹೇಳುವಾಗ ನಾಲಿಗೆ ಮಡಚಿ, ಮೂರನೇ ಫಾರ್ಮಂಟ್ (ಬಾಯಿ ಎತ್ತಿ ಕೊಡುವ ಆವರ್ತನದ ಶಿಖರ) ಕೆಳಗಿಳಿಯುತ್ತದೆ. ಗುಣಾಂಕಗಳಿಗೆ ಬಿಟ್ ಕಡಿಮೆ ಬಿದ್ದಾಗ ಮೊದಲು ಮಸುಕಾಗುವುದು ಅದೇ. ಅನುನಾಸಿಕದಲ್ಲಿ ಮೂಗಿನ ದಾರಿ ಕೆಲವು ಆವರ್ತನಗಳನ್ನು ನುಂಗುತ್ತದೆ, ಎಲ್‌ಪಿಸಿ ಫಿಲ್ಟರ್‌ಗೆ ಶಿಖರ ಬರೆಯಲು ಬರುತ್ತದೆ, ಹಳ್ಳ ಬರೆಯಲು ಬರುವುದಿಲ್ಲ. ‘ಧ’ ಅರ್ಧ ಘೋಷ ಅರ್ಧ ಉಸಿರು. ಬಳಿ-ಬಳ್ಳಿಯಲ್ಲಿ ಇರುವುದೇ ಹೊತ್ತಿನ ವ್ಯತ್ಯಾಸ, 40 ಮಿಲಿಸೆಕೆಂಡಿನ ಫ್ರೇಮ್ ಅದನ್ನು ಹಿಗ್ಗಿಸಿ ಕುಗ್ಗಿಸಿ ಬಿಡುತ್ತದೆ. ಸಾಲು-ಶಾಲು ತಪ್ಪಿದರೆ ಕೋಡೆಕ್ಕನ್ನು ಬೈಯುವ ಮೊದಲು, 8,000 ಸ್ಯಾಂಪಲ್‌ನ ಕುಗ್ಗಿಸದ ದನಿಯಲ್ಲೇ ತಪ್ಪುತ್ತದೋ ನೋಡಿ.

ಇಬ್ಬರು ಗಂಡಸರು, ಇಬ್ಬರು ಹೆಂಗಸರು, ಒಂದು ಮಗು, ‘ಈಗ... ಅಂತ ಬರೀರಿ’ ಎಂಬ ಒಂದೇ ವಾಕ್ಯದೊಳಗೆ ಪದ ಇಟ್ಟು ಹೇಳಿಸಿ. ಕ್ರಮ ಕಲಸಿ ನುಡಿಸಿ. ಕೇಳುವವರು ಜೋಡಿಯಲ್ಲಿ ಒಂದಕ್ಕೆ ಗುರುತು ಹಾಕಲಿ. ಸರಿಯಿಂದ ತಪ್ಪನ್ನು ಕಳೆದು, ಒಟ್ಟಿನಿಂದ ಭಾಗಿಸಿ, ನೂರರಿಂದ ಗುಣಿಸಿ. ಕಳೆಯುವುದೇಕೆಂದರೆ, ಕಣ್ಣು ಮುಚ್ಚಿ ಗುರುತು ಹಾಕಿದರೂ ಅರ್ಧ ಸರಿಯಾಗುತ್ತವೆ. ಒಟ್ಟು ಅಂಕಕ್ಕಿಂತ ಯಾವ ಜೋಡಿ ಬಿದ್ದಿತು ಎಂಬುದೇ ಮುಖ್ಯ. ಮಾರುಕಟ್ಟೆ ದರ ಹೇಳುವ ಕಾರ್ಯಕ್ರಮಕ್ಕೆ ಬೆಲೆ-ಬೆಳೆ ಕಲಸುವ ಕೋಡೆಕ್ ಬೇಡ.

ಪ್ರಶ್ನೆ: ಹಳೆಯ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಹಾಕುತ್ತಿದ್ದೇವೆ. ಜಾಗ ಉಳಿಸಲು ಯಾವ ಸ್ಪೀಚ್ ಕೋಡೆಕ್?
(ಪುತ್ತೂರು)

ಉತ್ತರ: ಮೂಲಪ್ರತಿಗೆ ಯಾವುದೂ ಬೇಡ, ಫ್ಲ್ಯಾಕ್‌ನಲ್ಲಿಡಿ. ಅರ್ಥಗಾರಿಕೆ ಮಾತಾದರೂ ಚೆಂಡೆ ಮಾತಲ್ಲ, ಭಾಗವತಿಕೆಯೂ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹಂಚಲು ಓಪಸ್, ಮೋನೊ, 32 ಕಿಲೋಬಿಟ್, ಗಂಟೆಗೆ 14.4 ಮೆಗಾಬೈಟ್. ಬರೀ ಮಾತಿನ ಭಾಗಕ್ಕೆ 24 ಕೂಡ ಸಾಕು. 2012ರಲ್ಲಿ ಮಾನಕವಾದ ಓಪಸ್‌ನ ಒಳಗೆ ಮಾತಿಗೊಂದು, ಸಂಗೀತಕ್ಕೊಂದು ಕೋಡೆಕ್ ಇದ್ದು, ತಾನೇ ಬದಲಿಸಿಕೊಳ್ಳುತ್ತದೆ. ಹಂಚಿದ ಪ್ರತಿಯಿಂದ ಮತ್ತೆ ಪ್ರತಿ ಮಾಡಬೇಡಿ, ಪ್ರತಿ ಸಲವೂ ಫ್ಲ್ಯಾಕ್‌ನಿಂದಲೇ.

ಪ್ರಶ್ನೆ: ಈಗ ಎಐ ಜಾಲ ಬಳಸುವ ನ್ಯೂರಲ್ ಕೋಡೆಕ್ ಬಂದಿವೆ, 3 ಕಿಲೋಬಿಟ್ಟಿನಲ್ಲಿ ಎದುರಿಗೆ ಕೂತು ಮಾತಾಡಿದ ಹಾಗಿರುತ್ತದೆ. ಹಳೆಯವನ್ನು ಇನ್ನೂ ಕಲಿಯಬೇಕೇ?
(ಬೆಂಗಳೂರು)

ಉತ್ತರ: ದನಿಯ ಚೆಲುವು ನಿಜ. ಗೂಗಲ್‌ನ ಲೈರಾ 2021ರಲ್ಲಿ 3 ಕಿಲೋಬಿಟ್ಟಿನಲ್ಲಿ ಬಂತು, ಅದಕ್ಕೂ ಮೊದಲೇ ಎಲ್‌ಪಿಸಿನೆಟ್ 1.6ರಲ್ಲಿ ಮಾತಾಡಿ ತೋರಿಸಿತ್ತು. ಆ ಎರಡನೆಯದರ ಹೆಸರಿನಲ್ಲೇ ಎಲ್‌ಪಿಸಿ ಇದೆ: ಬಾಯಿಯ ಫಿಲ್ಟರ್ ಹಳೆಯದೇ, ಶೇಷ ಊಹಿಸುವ ಕೆಲಸ ಮಾತ್ರ ನ್ಯೂರಲ್ ಜಾಲದ್ದು. ಹಾಗಾಗಿ ಕಲಿತದ್ದು ವ್ಯರ್ಥವಾಗುವುದಿಲ್ಲ.

ಎಚ್ಚರಿಕೆ ಬೇಕಾದದ್ದು ಒಂದು ಕಡೆ. ಎಲ್‌ಪಿಸಿ-10 ಕೆಟ್ಟರೆ ಕೆಟ್ಟ ಹಾಗೆಯೇ ಕೇಳುತ್ತದೆ, ‘ಮತ್ತೆ ಹೇಳಿ’ ಎನ್ನುತ್ತೇವೆ. ನ್ಯೂರಲ್ ಕೋಡೆಕ್ ಕೆಟ್ಟಾಗ ಒಂದು ವ್ಯಂಜನದ ಜಾಗದಲ್ಲಿ ಇನ್ನೊಂದನ್ನು ಸ್ವಚ್ಛವಾಗಿ ನುಡಿದುಬಿಡಬಹುದು. ಕಾಲು ನೋವು ಎಂದದ್ದು ತಪ್ಪಾಗಿ ತಲುಪಿದರೂ ಕೇಳಿದವರಿಗೆ ಅನುಮಾನವೇ ಬರುವುದಿಲ್ಲ. ಆ್ಯಂಬುಲೆನ್ಸ್, ಅಗ್ನಿಶಾಮಕ, ಅಂಕಿಸಂಖ್ಯೆ ಹೇಳುವ ಕೆಲಸಕ್ಕೆ ಹಾಕುವುದಾದರೆ, ಮೇಲಿನ ಉತ್ತರದ ಜೋಡಿ ಪದಗಳ ಪಟ್ಟಿಯನ್ನು ಸದ್ದು ಬೆರೆಸಿ ನುಡಿಸಿ ನೋಡಿ, ನಿಮ್ಮ ಊರಿನ ಆಡುಮಾತಿನವರಿಂದಲೇ ಹೇಳಿಸಿ. ಬ್ಯಾಟರಿಯ ಮೇಲೆ ನಡೆಯುವ ಇಎಸ್‌ಪಿ32ರಂಥ ಬೋರ್ಡಿಗೆ ಸದ್ಯಕ್ಕೆ ಕೋಡೆಕ್ 2. ಫೋನಿನಲ್ಲಾದರೆ ಹೊಸದನ್ನು ಧಾರಾಳವಾಗಿ ಪ್ರಯತ್ನಿಸಿ.